ಮುಕ್ತ ಜರ್ನಲ್‌ಗಳ ಆಯುಷ್ಯ: ಪ್ರಾಧ್ಯಾಪಕರೂ ಗ್ರಂಥಪಾಲಕರೂ ಕೂಡಿ ಹೊರಬೇಕಾದ ಹೊಣೆ

ಹತ್ತು ವರ್ಷಗಳ ಹಿಂದೆ ನಾನು ಬರೆದಿದ್ದ ಸಂಶೋಧನಾ ಲೇಖನವೊಂದರ ಪ್ರತಿ ಬೇಕೆಂದು ಪಿಎಚ್‌.ಡಿ. ವಿದ್ಯಾರ್ಥಿನಿಯೊಬ್ಬರು ಈಚೆಗೆ ಫೋನ್ ಮಾಡಿದ್ದರು. ಆ ಜರ್ನಲ್ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿದೆ, ಅಲ್ಲಿಂದಲೇ ಇಳಿಸಿಕೊಳ್ಳಿ ಎಂದೆ. ‘ಇಲ್ಲ ಸರ್, ಆ ವಿಳಾಸ ಒತ್ತಿದರೆ ರಮ್ಮಿ ಆಡುವ ಪುಟ ಬರುತ್ತಿದೆ’ ಎಂದರು. ನಾನೂ ತೆರೆದು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಜರ್ನಲ್ ಕಟ್ಟಿದ್ದ ಪ್ರಾಧ್ಯಾಪಕರು ಡೊಮೇನ್ ಹೆಸರನ್ನು, ಅಂದರೆ ಅದರ ಜಾಲತಾಣದ ವಿಳಾಸವನ್ನು, ತಮ್ಮ ಸ್ವಂತ ಇಮೇಲಿನಲ್ಲಿ, ತಮ್ಮ ಸ್ವಂತ ಹಣದಲ್ಲಿ ನೋಂದಾಯಿಸಿದ್ದರು. ಅವರು ನಿವೃತ್ತರಾದ ಮೇಲೆ ನವೀಕರಣದ ಸೂಚನೆಗಳು ಯಾರೂ ನೋಡದ ಅಂಚೆಪೆಟ್ಟಿಗೆಗೆ ಹೋಗಿ ಬಿದ್ದವು. ಅವಧಿ ಮುಗಿದ ಹೆಸರನ್ನು ಬೇರೆ ಯಾರೋ ಕೊಂಡರು. ವಿಭಾಗದವರಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ. ಅದೇ ಕಟ್ಟಡದ ಕೆಳಮಹಡಿಯಲ್ಲಿದ್ದ ಗ್ರಂಥಾಲಯಕ್ಕೆ ಅಂಥದ್ದೊಂದು ಜರ್ನಲ್ ತಮ್ಮ ಸಂಸ್ಥೆಯಿಂದಲೇ ಹೊರಡುತ್ತಿತ್ತು ಎಂಬುದೇ ತಿಳಿದಿರಲಿಲ್ಲ. ಎಂಟು ಸಂಚಿಕೆಗಳು, ಅರವತ್ತಕ್ಕೂ ಹೆಚ್ಚು ಲೇಖನಗಳು, ಅವುಗಳ ಹಿಂದಿದ್ದ ಪರಿಶೀಲಕರ ದುಡಿಮೆ, ಎಲ್ಲವೂ ಒಂದು ವರ್ಷದ ಡೊಮೇನ್ ಶುಲ್ಕದ ಜೊತೆ ಕೊಚ್ಚಿಹೋದವು.

ಇದು ಒಂದು ಊರಿನ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಮಿಕಾಯೆಲ್ ಲಾಕ್ಸೊ, ಲೀಸಾ ಮತ್ತಿಯಾಸ್ ಮತ್ತು ನಾಯ್ಕೊ ಯಾನ್ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2000ದಿಂದ 2019ರ ನಡುವೆ 174 ಮುಕ್ತ ಜರ್ನಲ್‌ಗಳು ಅಂತರ್ಜಾಲದಿಂದ ಕಣ್ಮರೆಯಾದವು. ಅವುಗಳಲ್ಲಿ ವಿಜ್ಞಾನದವೂ ಇದ್ದವು, ಮಾನವಿಕ ಶಾಸ್ತ್ರದವೂ ಇದ್ದವು. ಶ್ರೀಮಂತ ದೇಶಗಳವೂ ಇದ್ದವು, ಬಡ ದೇಶಗಳವೂ ಇದ್ದವು. ಸಂಶೋಧಕರು ಪತ್ತೆ ಹಚ್ಚಲು ಸಾಧ್ಯವಾದವುಗಳ ಲೆಕ್ಕ ಮಾತ್ರ ಇದು. ಯಾವ ಸೂಚಿಯಲ್ಲೂ ಹೆಸರು ದಾಖಲಾಗದೆ ಹುಟ್ಟಿ ಹೋದವುಗಳನ್ನು ಎಣಿಸಲು ದಾರಿಯೇ ಇಲ್ಲ. ಮುದ್ರಿತ ಪತ್ರಿಕೆಯೊಂದು ನಿಂತುಹೋದರೆ ಅದರ ಹಳೆಯ ಸಂಚಿಕೆಗಳು ಯಾವುದೋ ಗ್ರಂಥಾಲಯದ ಕಪಾಟಿನಲ್ಲಿ ದೂಳು ಹಿಡಿದಾದರೂ ಇರುತ್ತವೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಆರಂಭಿಸಿದ ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಪುಟಗಳು ಇಂದಿಗೂ ಓದಲು ಸಿಗುವುದು, ಅವನ್ನು ಕೊಂಡು ರಟ್ಟು ಕಟ್ಟಿಸಿ ಇಟ್ಟ ಗ್ರಂಥಾಲಯಗಳು ಹಲವು ಇದ್ದುದರಿಂದ. ಅಂತರ್ಜಾಲದ ಜರ್ನಲ್ ಒಂದೇ ಸರ್ವರಿನಲ್ಲಿ ಇದ್ದರೆ ಆ ಸರ್ವರು ಹೋದ ದಿನವೇ ಅದರ ಎಲ್ಲ ಸಂಪುಟಗಳೂ ಹೋಗುತ್ತವೆ.

ಓದುಗರಿಂದ ಚಂದಾ ಕೇಳದ, ಲೇಖಕರಿಂದಲೂ ಪ್ರಕಟಣಾ ಶುಲ್ಕ ಪಡೆಯದ ಜರ್ನಲ್‌ಗಳನ್ನು ‘ಡೈಮಂಡ್’ ಮಾದರಿಯವು ಎನ್ನುತ್ತಾರೆ. 2021ರಲ್ಲಿ ಯುರೋಪಿನಲ್ಲಿ ಸಿದ್ಧವಾದ ವಿಸ್ತೃತ ಅಧ್ಯಯನವೊಂದು ಪ್ರಪಂಚದಲ್ಲಿ ಇಂಥ ಜರ್ನಲ್‌ಗಳು 17,000ದಿಂದ 29,000 ಇರಬಹುದೆಂದು ಅಂದಾಜು ಮಾಡಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವರ್ಷಕ್ಕೆ 25ಕ್ಕಿಂತ ಕಡಿಮೆ ಲೇಖನ ಪ್ರಕಟಿಸುವ ಸಣ್ಣ ಪತ್ರಿಕೆಗಳು, ಮತ್ತು ಬಹುಪಾಲು ಸಂಬಳವಿಲ್ಲದೆ ದುಡಿಯುವವರ ಶ್ರಮದ ಮೇಲೆ ನಿಂತಿರುವಂಥವು. ವಿಶ್ವವಿದ್ಯಾಲಯದ ಒಂದು ವಿಭಾಗ, ಒಬ್ಬರು ಉತ್ಸಾಹಿ ಪ್ರಾಧ್ಯಾಪಕರು, ಇಬ್ಬರು ಮೂವರು ಸಂಶೋಧನಾ ವಿದ್ಯಾರ್ಥಿಗಳು: ಇಷ್ಟರಲ್ಲೇ ಜರ್ನಲ್ ಹುಟ್ಟುತ್ತದೆ. ಹುಟ್ಟುವುದಕ್ಕೆ ಇಷ್ಟು ಸಾಕು. ಹತ್ತನೆಯ ವರ್ಷ ದಾಟುವುದಕ್ಕೆ ಇದು ಸಾಲದು ಎಂಬುದೇ ಈ ಲೇಖನದ ವಿಷಯ. ಜರ್ನಲ್‌ಗೆ ವಿದ್ವತ್ತನ್ನು ಪ್ರಾಧ್ಯಾಪಕರು ಕೊಡಬಲ್ಲರು. ಅದು ನಿರಂತರವಾಗಿ ಇರುವಂತೆ ನೋಡಿಕೊಳ್ಳಲು, ಅದನ್ನೇ ತನ್ನ ಕರ್ತವ್ಯ ಎಂದುಕೊಂಡ ಇನ್ನೊಂದು ಸಂಸ್ಥೆ ಬೇಕು. ವಿಶ್ವವಿದ್ಯಾಲಯದ ಆವರಣದಲ್ಲಿ ಅಂಥ ಸಂಸ್ಥೆ ಎಂದರೆ ಗ್ರಂಥಾಲಯವೊಂದೇ.

ಈ ಮಾತಿಗೆ ಅತ್ಯುತ್ತಮ ಸಾಕ್ಷಿ ಕೆನಡಾದಲ್ಲಿದೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ವಿಲಿನ್‌ಸ್ಕಿ 1998ರಲ್ಲಿ ‘ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್’ ಆರಂಭಿಸಿದರು. ಸಂಶೋಧನೆ ಸಾರ್ವಜನಿಕರಿಗೆ ಸಿಗಬೇಕಾದರೆ ಜರ್ನಲ್ ನಡೆಸುವ ಸಾಧನವೇ ಅಗ್ಗವಾಗಬೇಕು ಎಂಬುದು ಅವರ ಯೋಚನೆ. ಅದರಿಂದ 2001ರಲ್ಲಿ ಹೊರಬಂದದ್ದು ‘ಓಪನ್ ಜರ್ನಲ್ ಸಿಸ್ಟಮ್ಸ್’, ಸಂಪಾದಕರ ಬಾಯಲ್ಲಿ ಓಜೆಎಸ್. ಲೇಖನ ಸಲ್ಲಿಕೆ, ಪರಿಶೀಲಕರಿಗೆ ಕಳಿಸುವುದು, ತಿದ್ದುಪಡಿ, ಪ್ರಕಟಣೆ ಎಲ್ಲವನ್ನೂ ಒಂದೇ ಕಡೆ ನಿರ್ವಹಿಸುವ ಈ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಹಾಕಿಕೊಳ್ಳಬಹುದು. ಒಬ್ಬ ಪ್ರಾಧ್ಯಾಪಕರ ಅನುದಾನದ ಯೋಜನೆಯಾಗಿಯೇ ಉಳಿದಿದ್ದರೆ ಅನುದಾನ ಮುಗಿದ ವರ್ಷ ಅದೂ ಮುಗಿಯುತ್ತಿತ್ತು. 2005ರಲ್ಲಿ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಗ್ರಂಥಾಲಯ ಈ ಕೆಲಸಕ್ಕೆ ಹೆಗಲು ಕೊಟ್ಟಿತು. ಅಲ್ಲಿಂದ ಮುಂದೆ ತಂತ್ರಾಂಶ ತಿದ್ದುವವರಿಗೆ ಒಂದು ನೆಲೆ ಸಿಕ್ಕಿತು, ದೋಷ ಕಂಡವರು ಹೇಳಿಕೊಳ್ಳಲು ಒಂದು ವಿಳಾಸ ಸಿಕ್ಕಿತು. ಬೇರೆ ಸಂಸ್ಥೆಗಳ ಜರ್ನಲ್‌ಗಳಿಗೆ ಸರ್ವರು ಒದಗಿಸಿ ಅದಕ್ಕೆ ಪಡೆಯುವ ಶುಲ್ಕದಿಂದಲೇ ಉಚಿತ ತಂತ್ರಾಂಶದ ಅಭಿವೃದ್ಧಿಯ ಖರ್ಚನ್ನು ಸರಿದೂಗಿಸುವ ವ್ಯವಸ್ಥೆಯೂ ಬೆಳೆಯಿತು. ವಿಲಿನ್‌ಸ್ಕಿ ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋದರು, ಯೋಜನೆ ನಿಲ್ಲಲಿಲ್ಲ. 2020ರಲ್ಲಿ 136 ದೇಶಗಳ 25,000ಕ್ಕೂ ಹೆಚ್ಚು ಜರ್ನಲ್‌ಗಳು ಓಜೆಎಸ್ ಮೂಲಕ ಪ್ರಕಟವಾಗುತ್ತಿದ್ದವು, ಅವುಗಳಲ್ಲಿ ಸುಮಾರು ಶೇ 80ರಷ್ಟು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಂಥ ಕಡೆಯವು. ಇಂಡೊನೇಷ್ಯಾ ಎಲ್ಲಕ್ಕಿಂತ ಮುಂದಿತ್ತು.

ತಂತ್ರಾಂಶ ಉಚಿತ ಎಂಬ ಮಾತೇ ನಮ್ಮಲ್ಲಿ ಹಲವರನ್ನು ದಾರಿ ತಪ್ಪಿಸಿದೆ ಎಂದು ನನಗೆ ಅನ್ನಿಸುತ್ತದೆ. ಪುಕ್ಕಟೆ ಸಿಕ್ಕ ಹಸುವಿಗೂ ದಿನಾ ಮೇವು ಹಾಕಬೇಕು. ಓಜೆಎಸ್ ಹಾಕಿಕೊಡಲು ಕಂಪ್ಯೂಟರ್ ಬಲ್ಲ ವಿದ್ಯಾರ್ಥಿಗೆ ಒಂದು ಮಧ್ಯಾಹ್ನ ಸಾಕಾಗಬಹುದು. ಆದರೆ ಮುಂದಿನ ವರ್ಷ ಸರ್ವರಿನಲ್ಲಿರುವ, ಓಜೆಎಸ್ ಓಡಲು ಬೇಕಾದ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಆವೃತ್ತಿ ಬದಲಾಗುತ್ತದೆ, ಹಳೆಯ ಓಜೆಎಸ್ ಅದರಲ್ಲಿ ಓಡುವುದಿಲ್ಲ. 2016ರಲ್ಲಿ ಓಜೆಎಸ್‌ನ ಮೂರನೆಯ ಆವೃತ್ತಿ ಬಂದಾಗ ಎರಡನೆಯದರಿಂದ ಅದಕ್ಕೆ ದಾಟುವುದು ಸಣ್ಣ ಕೆಲಸವಾಗಿರಲಿಲ್ಲ. ಮೊದಲು ದತ್ತಾಂಶದ ಪೂರ್ಣ ಬ್ಯಾಕಪ್ ತೆಗೆಯಬೇಕು, ಅದನ್ನು ಬೇರೊಂದು ಯಂತ್ರದಲ್ಲಿ ಹಾಕಿ ಪ್ರಯೋಗ ಮಾಡಬೇಕು, ಪುಟವಿನ್ಯಾಸವನ್ನು ಹೊಸದಾಗಿ ಕಟ್ಟಬೇಕು, ಲೇಖಕರ ಹೆಸರುಗಳಲ್ಲಿ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗಿಲ್ಲವೇ ಎಂದು ಒಂದೊಂದನ್ನೂ ನೋಡಬೇಕು. ಇದೆಲ್ಲ ಬೇಡವೆಂದು ಹಳೆಯ ಆವೃತ್ತಿಯಲ್ಲೇ ಉಳಿದವರ ತಾಣಗಳಿಗೆ ಜೂಜಿನ ಕೊಂಡಿಗಳನ್ನು ತುರುಕುವವರು ನುಗ್ಗುತ್ತಾರೆ. ಇಂಡೊನೇಷ್ಯಾದ ವಿಶ್ವವಿದ್ಯಾಲಯಗಳ ತಾಣಗಳು ಈ ಹಾವಳಿಯಿಂದ ಬಹಳ ನೊಂದಿವೆ. ಕಳೆದ ಎರಡು ಮೂರು ವರ್ಷಗಳಲ್ಲಿ ಇದಕ್ಕೆ ಇನ್ನೊಂದು ತಲೆನೋವು ಸೇರಿದೆ. ಕೃತಕ ಬುದ್ಧಿಮತ್ತೆಯ ಮಾದರಿಗಳಿಗಾಗಿ ಪಠ್ಯ ಸಂಗ್ರಹಿಸುವ ಯಂತ್ರಗಳು ಮುಕ್ತ ತಾಣಗಳ ಮೇಲೆ ಒಮ್ಮೆಲೇ ಮುಗಿಬಿದ್ದು, ಸಣ್ಣ ಸರ್ವರುಗಳು ಗಂಟೆಗಟ್ಟಲೆ ಸ್ಥಗಿತವಾಗುತ್ತಿವೆ.

ಲೇಖನದ ಶಾಶ್ವತ ಗುರುತು ಎನ್ನುವ ಡಿಒಐ ಕೂಡ ತಾನಾಗಿಯೇ ಶಾಶ್ವತವಾಗುವುದಿಲ್ಲ. ಕ್ರಾಸ್‌ರೆಫ್ ಎಂಬ ಲಾಭರಹಿತ ಸಂಸ್ಥೆಗೆ ವಾರ್ಷಿಕ ಸದಸ್ಯತ್ವ ಶುಲ್ಕ ಕಟ್ಟಿ, ಹೊಸ ಲೇಖನಕ್ಕೆ ತಲಾ 1 ಡಾಲರ್ ಕೊಟ್ಟು ನೋಂದಾಯಿಸಿದರೆ ಆ ಸಂಖ್ಯೆ ಸಿಗುತ್ತದೆ. ಜರ್ನಲ್‌ನ ವಿಳಾಸ ಬದಲಾದಾಗ ಹೊಸ ವಿಳಾಸವನ್ನು ಅಲ್ಲಿ ತಿಳಿಸುವ ಕೆಲಸ ಜರ್ನಲ್‌ನವರದು. ತಿಳಿಸದಿದ್ದರೆ ಡಿಒಐ ಒತ್ತಿದವರು ಇಲ್ಲದ ಪುಟಕ್ಕೆ ಹೋಗಿ ನಿಲ್ಲುತ್ತಾರೆ. ಶಾಶ್ವತತೆ ಇರುವುದು ಸಂಖ್ಯೆಯಲ್ಲಲ್ಲ, ಆ ದಾಖಲೆಯನ್ನು ತಿದ್ದುತ್ತಾ ಇರುವ ಮನುಷ್ಯರಲ್ಲಿ. ಇಂಥ ಕೆಲಸಕ್ಕೆ ಬೇಕಾದ ಸ್ವಭಾವ ಯಾವುದು? ಪ್ರತಿ ವರ್ಷ ಸ್ಟಾಕ್ ಪರಿಶೀಲನೆ ಮಾಡುವ, ವರ್ಗೀಕರಣ ಸಂಖ್ಯೆ ತಪ್ಪಿದ ಪುಸ್ತಕವನ್ನು ಹುಡುಕಿ ಅದರ ಜಾಗಕ್ಕೆ ಇಡುವ, ತನ್ನ ನಂತರ ಬರುವವರಿಗೆ ಅರ್ಥವಾಗುವಂತೆ ದಾಖಲೆ ಬರೆದಿಡುವ ಸ್ವಭಾವ. ಗ್ರಂಥಪಾಲಕರ ತರಬೇತಿಯೇ ಇದು. ಲೇಖನದ ವಾದ ಗಟ್ಟಿಯೇ, ಪುರಾವೆ ಸಾಕೇ, ಯಾರನ್ನು ಪರಿಶೀಲಕರಾಗಿ ಕೇಳಬೇಕು ಎಂಬ ನಿರ್ಧಾರಗಳು ಪ್ರಾಧ್ಯಾಪಕರವು. ಒಬ್ಬರ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿದಾಗ ಎರಡೂ ಕೆಡುತ್ತವೆ.

ಕನ್ನಡದ ಜರ್ನಲ್‌ಗಳಿಗೆ ಬಂದರೆ ಈ ಜೊತೆಗಾರಿಕೆ ಇನ್ನೂ ತುರ್ತಿನದು. ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ, ರೋಮನ್ ಅಕ್ಷರಗಳ ಸಂಕೇತಗಳನ್ನೇ ಕನ್ನಡಕ್ಕೆ ಬಳಸುವ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಿಡಿಎಫ್ ಒಂದನ್ನು ತೆರೆದು ನೋಡಿ. ಕಣ್ಣಿಗೆ ‘ಸಂಶೋಧನೆ’ ಎಂದೇ ಕಾಣುತ್ತದೆ. ಆ ಪದವನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ‘ಶೋ’ ಇದ್ದಲ್ಲಿ ಕೂಡು-ಕಳೆ ಚಿಹ್ನೆ, ‘ನೆ’ ಇದ್ದಲ್ಲಿ ಪೌಂಡ್ ಚಿಹ್ನೆ, ನಡುನಡುವೆ ಎಲ್ಲಿಂದಲೋ ಬಂದ ರೋಮನ್ ಅಕ್ಷರಗಳು. ಹುಡುಕುವ ಯಂತ್ರಕ್ಕೆ ಕಾಣುವುದು ಈ ಗೋಜಲೇ. ಹೀಗಾಗಿ ಲೇಖನ ಅಂತರ್ಜಾಲದಲ್ಲಿ ಇದ್ದೂ ಇಲ್ಲದಂತೆ ಆಗುತ್ತದೆ; ಶೀರ್ಷಿಕೆಯನ್ನೇ ಕೊಟ್ಟು ಹುಡುಕಿದರೂ ಸಿಗುವುದಿಲ್ಲ. ನಮ್ಮ ಎಷ್ಟೋ ಸಂಪಾದಕರು ಮುದ್ರಣಾಲಯಕ್ಕೆ ಕೊಟ್ಟ ಕಡತವನ್ನೇ ತಾಣಕ್ಕೆ ಏರಿಸಿ, ಜರ್ನಲ್ ಮುಕ್ತವಾಯಿತೆಂದು ಸಮಾಧಾನಪಟ್ಟಿದ್ದಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕಡತವನ್ನು ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಮುರಿದ ಒತ್ತಕ್ಷರಗಳನ್ನು ತಿದ್ದಿ, ಲೇಖಕರ ಹೆಸರನ್ನು ಕನ್ನಡದಲ್ಲೂ ರೋಮನ್ ಲಿಪಿಯಲ್ಲೂ ಒಂದೇ ಬಗೆಯಲ್ಲಿ ದಾಖಲಿಸಿ, ಸಾರಾಂಶ ಮತ್ತು ವಿಷಯಪದಗಳನ್ನು ಕೂಡಿಸಿದ ಮೇಲೆಯೇ ಅದು ಲೋಕಕ್ಕೆ ತೆರೆದುಕೊಳ್ಳುವುದು. ‘ಕೆ.’ ಎಂಬ ಇನಿಷಿಯಲ್ ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ ಬಂದರೆ ಸೂಚಿಗಳಲ್ಲಿ ಒಬ್ಬರೇ ಇಬ್ಬರಾಗುತ್ತಾರೆ. ಇದನ್ನು ಗಮನಿಸುವ ಕಣ್ಣು ಗ್ರಂಥಾಲಯದಲ್ಲಿದೆ; ಹಳೆಯ ಕಾವ್ಯದ ಪಾಠದಲ್ಲಿ ಪರಿವರ್ತಕ ತಂತ್ರಾಂಶ ಎಲ್ಲಿ ಎಡವಿದೆ ಎಂದು ಹೇಳಬಲ್ಲವರು ಕನ್ನಡ ವಿಭಾಗದಲ್ಲಿದ್ದಾರೆ. ಇಬ್ಬರೂ ಒಂದೇ ಮೇಜಿನ ಎದುರು ಕೂರದೆ ಈ ಕೆಲಸ ಮುಗಿಯುವುದಿಲ್ಲ.

ಕರ್ನಾಟಕಕ್ಕೆ ಇದು ಹೊಸ ಪಾಠವೇನೂ ಅಲ್ಲ. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಬಿ. ರಾಜಶೇಖರ್ ಅವರ ನೇತೃತ್ವದಲ್ಲಿ ‘ಇಪ್ರಿಂಟ್ಸ್’ ಭಂಡಾರ ಆರಂಭವಾಯಿತು. ಭಾರತದ ಸಂಸ್ಥೆಯೊಂದು ತನ್ನ ಸಂಶೋಧಕರ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಟ್ಟ ಮೊದಲ ಭಂಡಾರವದು. ರಾಜಶೇಖರ್ 2005ರಲ್ಲಿ ತೀರಿಕೊಂಡರು. ಅದನ್ನು ಕಟ್ಟಿದ ಮಾಹಿತಿ ಕೇಂದ್ರದ ರಚನೆಯೂ ಮುಂದೆ ಬದಲಾಯಿತು. ಭಂಡಾರ ಮಾತ್ರ ಸಂಸ್ಥೆಯ ಗ್ರಂಥಾಲಯದ ಕೆಲಸವಾಗಿ ಮುಂದುವರಿದಿದೆ. ವಿಜ್ಞಾನಿಗಳು ಪ್ರಬಂಧ ಕೊಟ್ಟರು, ಗ್ರಂಥಾಲಯದವರು ಅದನ್ನು ದಾಖಲಿಸಿ ಕಾಪಾಡಿದರು. ಜರ್ನಲ್‌ಗಳ ವಿಷಯದಲ್ಲಿ ನಮ್ಮ ರಾಜ್ಯ ವಿಶ್ವವಿದ್ಯಾಲಯಗಳು ಇದೇ ದಾರಿಯನ್ನು ಏಕೆ ಹಿಡಿಯಲಿಲ್ಲ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಒಂದು ಕಾರಣ ನೇಮಕಾತಿ. ಕಾಯಂ ಗ್ರಂಥಪಾಲಕರಿಲ್ಲದ ಕಾಲೇಜುಗಳು ನಮ್ಮಲ್ಲಿವೆ. ಇರುವ ಕಡೆ ಅವರ ಬಹುಪಾಲು ಸಮಯ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡಬೇಕಾದ ಕಡತಗಳಿಗೇ ಸಂದಾಯವಾಗುತ್ತದೆ. ಇನ್ನೊಂದು ಕಾರಣ ಮರ್ಯಾದೆಯದು, ಮತ್ತು ಅದನ್ನು ಹೇಳಲು ಹಿಂಜರಿಯಬಾರದು. ಯುಜಿಸಿ ನಿಯಮಗಳ ಪ್ರಕಾರ ಕಾಲೇಜು ಗ್ರಂಥಪಾಲಕರ ವೇತನ ಶ್ರೇಣಿ ಸಹಾಯಕ ಪ್ರಾಧ್ಯಾಪಕರದಕ್ಕೆ ಸಮನಾಗಿದೆ. ಆದರೂ ಜರ್ನಲ್‌ನ ಸಂಪಾದಕ ಮಂಡಳಿಯ ಪುಟದಲ್ಲಿ ಅವರ ಹೆಸರು ಕಾಣುವುದು ಅಪರೂಪ. ಕೊನೆಯ ಗಳಿಗೆಯಲ್ಲಿ ‘ಸ್ವಲ್ಪ ಇದನ್ನು ಅಪ್‌ಲೋಡ್ ಮಾಡಿಕೊಡಿ ಮೇಡಂ’ ಎಂದು ಪೆನ್‌ಡ್ರೈವ್ ಚಾಚುವುದನ್ನು ಸಹಯೋಗ ಎನ್ನಲಾಗದು. ಸಂಪಾದಕರಿಗೂ ಅನ್ಯಾಯವಾಗುತ್ತಿದೆ: ವರ್ಷಗಟ್ಟಲೆ ಇನ್ನೊಬ್ಬರ ಲೇಖನ ತಿದ್ದಿದ್ದಕ್ಕೆ ಬಡ್ತಿಯಲ್ಲಿ ಸಿಗುವ ಬೆಲೆ, ತಾವೇ ಒಂದು ಲೇಖನ ಬರೆದರೆ ಸಿಗುವುದಕ್ಕಿಂತ ಬಹಳ ಕಡಿಮೆ.

ಹಣದ ಹರಿವು ಈಗ ಎತ್ತ ಇದೆ ಎಂಬುದನ್ನೂ ನೋಡಬೇಕು. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಓದುವ ವಿದ್ಯಾರ್ಥಿಗೆ ಐಐಟಿಯವರಿಗೆ ಸಿಗುವ ಜರ್ನಲ್ಲೇ ಸಿಗುವುದಾದರೆ ಅದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಇದು ಓದಲು ಕೊಡುವ ಹಣ. ವರ್ಷಕ್ಕೆ 2,000 ಕೋಟಿಯ ಈ ಲೆಕ್ಕದಲ್ಲಿ ನಮ್ಮದೇ ವಿಶ್ವವಿದ್ಯಾಲಯಗಳ ಜರ್ನಲ್‌ಗಳ ವೇದಿಕೆಗಳನ್ನು ಕಟ್ಟುವ, ಕಾಯುವ ಮಾತು ಮುಖ್ಯವಾಗಿಲ್ಲ. ಅದೇ ಸಮಯದಲ್ಲಿ ಗುಣಮಟ್ಟ ನಿರ್ಧರಿಸುವ ಹೊಣೆ ಸಂಸ್ಥೆಗಳ ಮೇಲೆಯೇ ಬಂದಿದೆ. 2018ರಲ್ಲಿ ಯುಜಿಸಿ ತನ್ನ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕೈಬಿಟ್ಟಿತು. 2019ರಲ್ಲಿ ಯೋಗ್ಯ ಜರ್ನಲ್‌ಗಳನ್ನು ಗುರುತಿಸುವ ಕೇರ್ ಪಟ್ಟಿ ತಂದಿತು. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿ, ಯಾವುದು ಯೋಗ್ಯ ಜರ್ನಲ್ ಎಂದು ಉನ್ನತ ಶಿಕ್ಷಣ ಸಂಸ್ಥೆಗಳೇ ತೀರ್ಮಾನಿಸಲಿ ಎಂದಿತು. ಲೇಖನದ ತಿರುಳನ್ನು ಪ್ರಾಧ್ಯಾಪಕರು ಅಳೆಯಬಲ್ಲರು. ಜರ್ನಲ್‌ನ ವಿಳಾಸ ನಕಲಿಯೇ, ಸಂಪಾದಕ ಮಂಡಳಿಯವರು ನಿಜವಾಗಿ ಇದ್ದಾರೆಯೇ, ಸಂಚಿಕೆಗಳು ಎಲ್ಲಾದರೂ ಸುರಕ್ಷಿತವಾಗಿ ಸಂಗ್ರಹವಾಗಿವೆಯೇ ಎಂಬುದನ್ನು ಪತ್ತೆ ಮಾಡುವ ಹಾದಿ ಗ್ರಂಥಪಾಲಕರಿಗೆ ಚೆನ್ನಾಗಿ ಗೊತ್ತು.

ಹೊರಗಿನ ಸಂಸ್ಥೆಗೆ ವಹಿಸಿಬಿಟ್ಟರೆ ಇಷ್ಟೆಲ್ಲ ತಾಪತ್ರಯ ಇರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಅಮೆರಿಕದ ನೂರಾರು ಗ್ರಂಥಾಲಯಗಳು ಹಾಗೇ ಮಾಡಿದ್ದವು. ಅವು ತಮ್ಮ ಭಂಡಾರ ಮತ್ತು ಜರ್ನಲ್‌ಗಳಿಗೆ ಬಳಸುತ್ತಿದ್ದ ‘ಡಿಜಿಟಲ್ ಕಾಮನ್ಸ್’ ವೇದಿಕೆಯ ಒಡೆತನದ ಬಿಪ್ರೆಸ್ ಕಂಪನಿಯನ್ನು 2017ರ ಆಗಸ್ಟಿನಲ್ಲಿ ದೊಡ್ಡ ಜರ್ನಲ್ ಪ್ರಕಾಶನ ಕಂಪನಿಯಾದ ಎಲ್ಸೆವಿಯರ್ ಕೊಂಡುಕೊಂಡಿತು. ಯಾವ ಪ್ರಕಾಶಕರ ದುಬಾರಿ ಚಂದಾದಿಂದ ಬಿಡಿಸಿಕೊಳ್ಳಲು ಮುಕ್ತ ವೇದಿಕೆ ಕಟ್ಟಿದ್ದರೋ ಅವರ ಕೈಗೇ ಕೀಲಿ ಹೋಯಿತು. ನಮ್ಮ ದೇಶದಲ್ಲೂ, ಲೇಖಕರಿಂದ ಶುಲ್ಕ ಕೇಳದೆ ವೈದ್ಯಕೀಯ ಜರ್ನಲ್‌ಗಳನ್ನು ಮುಕ್ತವಾಗಿ ತಂದು ಹೆಸರಾಗಿದ್ದ ಮುಂಬೈನ ಮೆಡ್‌ನೋ 2011ರಲ್ಲಿ ವೋಲ್ಟರ್ಸ್ ಕ್ಲುವರ್ ಎಂಬ ವಿದೇಶಿ ಪ್ರಕಾಶನ ಕಂಪನಿಯ ಪಾಲಾಯಿತು.

ಹೆಸರಿನ ಒಡೆತನದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಭಾಷಾವಿಜ್ಞಾನದ ‘ಲಿಂಗುವಾ’ ಜರ್ನಲ್‌ನ ಸಂಪಾದಕರು 2015ರಲ್ಲಿ ಯೋಹಾನ್ ರೂರಿಕ್ ಅವರ ನೇತೃತ್ವದಲ್ಲಿ ಒಟ್ಟಾಗಿ ರಾಜೀನಾಮೆ ಕೊಟ್ಟರು. ಜರ್ನಲ್ ಪೂರ್ತಿ ಮುಕ್ತವಾಗಬೇಕು, ಶುಲ್ಕ ಇಳಿಯಬೇಕು ಎಂಬ ಅವರ ಬೇಡಿಕೆಗೆ ಎಲ್ಸೆವಿಯರ್ ಒಪ್ಪಿರಲಿಲ್ಲ. ಹೆಸರು ಪ್ರಕಾಶಕರದಾಗಿದ್ದರಿಂದ ಅವರು ಅದನ್ನು ಅಲ್ಲೇ ಬಿಟ್ಟು ‘ಗ್ಲೋಸಾ’ ಎಂಬ ಹೊಸ ಹೆಸರಿನಲ್ಲಿ ಮೊದಲಿಂದ ಶುರು ಮಾಡಬೇಕಾಯಿತು. ಅದಕ್ಕೆ ಆಸರೆಯಾದದ್ದು ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಮಾರ್ಟಿನ್ ಈವ್ ಮತ್ತು ಕ್ಯಾರೊಲಿನ್ ಎಡ್ವರ್ಡ್ಸ್ ಎಂಬ ಇಬ್ಬರು ಸಾಹಿತ್ಯದ ಅಧ್ಯಾಪಕರು ಕಟ್ಟಿದ ‘ಓಪನ್ ಲೈಬ್ರರಿ ಆಫ್ ಹ್ಯುಮ್ಯಾನಿಟೀಸ್’. ಅಲ್ಲಿ ನೂರಾರು ಗ್ರಂಥಾಲಯಗಳು ಪ್ರತಿ ವರ್ಷ ತಲಾ ಒಂದಿಷ್ಟು ಹಣ ಹಾಕುತ್ತವೆ. ಒಟ್ಟಾದ ಹಣದಲ್ಲಿ ಜರ್ನಲ್‌ಗಳು ನಡೆಯುತ್ತವೆ. ಹಣ ಕೊಡದ ಊರಿನವರೂ ಓದುತ್ತಾರೆ. ಚಂದಾ ಹಣವನ್ನೇ ಬೇರೆ ರೀತಿಯಲ್ಲಿ ಖರ್ಚು ಮಾಡುವ ಈ ದಾರಿ ನಮಗೂ ಅಸಾಧ್ಯವಲ್ಲ. ಕರ್ನಾಟಕದ ವಿಶ್ವವಿದ್ಯಾಲಯಗಳು ಒಂದೊಂದೂ ಒಂದು ಸರ್ವರು, ಒಬ್ಬೊಬ್ಬ ತಂತ್ರಜ್ಞ ಎಂದು ಒದ್ದಾಡುವ ಬದಲು ಒಂದೇ ಓಜೆಎಸ್ ವೇದಿಕೆಯನ್ನು ಕೂಡಿ ನಡೆಸಿ, ಅದನ್ನು ನೋಡಿಕೊಳ್ಳಲು ಇಬ್ಬರು ಕಾಯಂ ಸಿಬ್ಬಂದಿಯನ್ನು ಇಟ್ಟರೆ ಹತ್ತಾರು ಜರ್ನಲ್‌ಗಳ ಚಿಂತೆ ಕಳೆಯುತ್ತದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕೂಡ ವಿಶ್ವವಿದ್ಯಾಲಯಗಳ ಜರ್ನಲ್‌ಗಳಿಗೆ ಓಜೆಎಸ್ ನೆಲೆ ಒದಗಿಸಿದ ಅನುಭವ ಹೊಂದಿದೆ.

ಅದಾಗುವ ತನಕ, ಒಂದು ಕಾಲೇಜಿನ ಮಟ್ಟದಲ್ಲೇ ಆಗಬಹುದಾದದ್ದು ಒಂದು ಲಿಖಿತ ಒಪ್ಪಂದ. ವಿಭಾಗ ಮತ್ತು ಗ್ರಂಥಾಲಯ ಸೇರಿ ಬರೆದು, ಪ್ರಾಂಶುಪಾಲರ ಅಥವಾ ಕುಲಸಚಿವರ ಸಹಿ ಇರುವ ಎರಡು ಪುಟ ಸಾಕು. ಜರ್ನಲ್‌ನ ಹೆಸರು, ಡೊಮೇನ್, ಪತ್ರಿಕೆಗಳನ್ನು ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆ, ಇವೆಲ್ಲ ಸಂಸ್ಥೆಯ ಹೆಸರಿನಲ್ಲಿರಬೇಕು. ಇಮೇಲ್ ವ್ಯಕ್ತಿಯದಾಗಿರದೆ ಹುದ್ದೆಯದಾಗಿರಬೇಕು. ಪ್ರತಿ ಸಂಚಿಕೆ ಹೊರಬಂದಾಗ ಅದರ ಪ್ರತಿ ಗ್ರಂಥಾಲಯದ ಭಂಡಾರಕ್ಕೂ, ಒಂದೇ ಕಡತದ ಹಲವು ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿ ಇಡುವ ಲಾಕ್ಸ್‌ನಂಥ ಜಾಲಕ್ಕೂ ಹೋಗಬೇಕು. ಸಂಪಾದಕರು ಬದಲಾದಾಗ ಏನೇನು ಹಸ್ತಾಂತರವಾಗಬೇಕು ಎಂಬ ಪಟ್ಟಿ ಇರಬೇಕು. ಗ್ರಂಥಪಾಲಕರ ಹೆಸರು ಸಂಪಾದಕ ಮಂಡಳಿಯ ಪುಟದಲ್ಲೇ ಇರಬೇಕು, ಅವರಿಗೆ ಅದಕ್ಕಾಗಿ ವಾರದಲ್ಲಿ ಇಷ್ಟು ಗಂಟೆ ಎಂದು ನಿಗದಿಯಾಗಬೇಕು. ಎಲ್ಲಕ್ಕಿಂತ ಕಷ್ಟದ, ಆದರೆ ಬಿಡಬಾರದ ಮಾತೆಂದರೆ ಜರ್ನಲ್ ನಿಲ್ಲಿಸಬೇಕಾಗಿ ಬಂದರೆ ಹೇಗೆ ಎಂಬುದು. ಎಲ್ಲ ಜರ್ನಲ್‌ಗಳೂ ನೂರು ವರ್ಷ ಬಾಳಬೇಕಾಗಿಲ್ಲ. ಕೊನೆಯ ಸಂಚಿಕೆಯ ನಂತರವೂ ಹಳೆಯವು ಓದಲು ಸಿಗುವಂತಿದ್ದರೆ ಅದು ಗೌರವದ ಮುಕ್ತಾಯ.

ಆ ವಿದ್ಯಾರ್ಥಿನಿಗೆ ನನ್ನಲ್ಲಿದ್ದ ಪ್ರತಿ ಕಳಿಸಿದೆ. ಆಮೇಲೆ ನಿವೃತ್ತ ಪ್ರಾಧ್ಯಾಪಕರ ಮನೆಗೂ ಹೋಗಿಬಂದೆ. ಸುದ್ದಿ ಕೇಳಿ ಅವರು ತುಂಬ ನೊಂದುಕೊಂಡರು. ಎದ್ದು ಹೋಗಿ ಪುಸ್ತಕದ ಕಪಾಟಿನ ಹಿಂದಿನಿಂದ ಎರಡು ಸಿಡಿ ಹುಡುಕಿ ತಂದರು. ಎಂಟರಲ್ಲಿ ಆರು ಸಂಚಿಕೆಗಳ ಕಡತಗಳು ಅವುಗಳಲ್ಲಿ ತೆರೆದುಕೊಂಡವು. ಈಗಿನ ಗ್ರಂಥಪಾಲಕಿ ಅವನ್ನು ಯುನಿಕೋಡ್‌ಗೆ ತಂದು, ಒಂದೊಂದು ಲೇಖನಕ್ಕೂ ಹೆಸರು, ಸಾರಾಂಶ, ವಿಷಯಪದ ಬರೆದು ಸಂಸ್ಥೆಯ ಭಂಡಾರಕ್ಕೆ ಏರಿಸುತ್ತಿದ್ದಾರೆ. ಕನ್ನಡ ವಿಭಾಗದ ಇಬ್ಬರು ಅಧ್ಯಾಪಕರು ಶನಿವಾರ ಮಧ್ಯಾಹ್ನ ಅವರ ಜೊತೆ ಕುಳಿತು ಒತ್ತಕ್ಷರ ತಿದ್ದುತ್ತಾರೆ. ಉಳಿದ ಎರಡು ಸಂಚಿಕೆಗಳಿಗಾಗಿ, ಅವುಗಳಲ್ಲಿ ಬರೆದಿದ್ದ ಲೇಖಕರಿಗೆ ಒಬ್ಬೊಬ್ಬರಿಗೂ ಪತ್ರ ಹೋಗಿದೆ.